ಆಟ ಆಡುವ ಹುಡುಗನ ಕೈಗೆ ತೋಟದ ಕಂಪ್ಯೂಟರ್ ಕೊಟ್ಟದ್ದು ಯಾರ ತಪ್ಪು?

ಸಿದ್ದಾಪುರದ ತೋಟದವ

ಮನೆಯ ಜಗಳವನ್ನು ಊರ ಮುಂದೆ ಇಡಬೇಡಿ ಎಂದು ಹೆಂಡತಿ ಹೇಳಿದಳು. ಆದರೆ ಅಕ್ಕ ನನ್ನೊಡನೆ ಮಾತು ಬಿಟ್ಟು ಮೂರು ವಾರವಾಯಿತು. ಹಾಗಾಗಿ ಈ ಆನ್‌ಲೈನ್ ಕಟ್ಟೆಯಲ್ಲಿ ಇಡುತ್ತಿದ್ದೇನೆ.

ನಮ್ಮದು ಸಿದ್ದಾಪುರದ ಹತ್ತಿರ ಸಣ್ಣ ರೊಬಸ್ಟಾ ಕಾಫಿ ತೋಟ. ಲೆಕ್ಕವೆಲ್ಲ ಆಫೀಸು ಕೋಣೆಯ ಹಳೆಯ ಕಂಪ್ಯೂಟರಿನಲ್ಲಿತ್ತು. ಯಾವ ದಿನ ಎಷ್ಟು ಜನ ಕೆಲಸಕ್ಕೆ ಬಂದರು, ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು, ಗೊಬ್ಬರಕ್ಕೆ ಎಷ್ಟು ಹೋಯಿತು, 50 ಕಿಲೋ ಚೀಲಕ್ಕೆ ಯಾವ ವರ್ಷ ಯಾವ ದರ ಸಿಕ್ಕಿತು, ಎಲ್ಲವೂ. ಆರು ವರ್ಷದ್ದು. ಮಾರ್ಚಿನಲ್ಲಿ ಹೂಮಳೆ ಬಂದ ರಾತ್ರಿ ಗುಡುಗು, ಮಿಂಚು ಜೋರಾಗಿತ್ತು. ಮಾರನೆಯ ಬೆಳಿಗ್ಗೆ ಕಂಪ್ಯೂಟರ್ ಆನ್ ಆಯಿತು, ಆದರೆ ವಿಂಡೋಸ್ ತೆರೆಯಲಿಲ್ಲ. ನೀಲಿ ಪರದೆ ಬರುತ್ತಿತ್ತು, ತಾನೇ ಆಫ್ ಆಗುತ್ತಿತ್ತು, ಮತ್ತೆ ಮೊದಲಿನಿಂದ.

ಅಕ್ಕನ ಮಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದಾನೆ, ರಜೆಗೆ ನಮ್ಮಲ್ಲಿಗೆ ಬಂದಿದ್ದ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ರಾತ್ರಿ ಎರಡು ಗಂಟೆಯವರೆಗೆ ಲ್ಯಾಪ್‌ಟಾಪಿನಲ್ಲಿ ಆಡುವವನು. ಕೀಲಿಗಳ ಮೇಲೆ ಅವನ ಬೆರಳು ಓಡುವುದನ್ನು ನೋಡಿದರೆ ಚಂಡೆ ಬಾರಿಸುವವರ ಕೈ ನೆನಪಾಗುತ್ತದೆ. ಮನೆಯಲ್ಲೇ ಇಂಥವನಿರುವಾಗ ಗೋಣಿಕೊಪ್ಪಕ್ಕೆ ಯಾಕೆ ಹೊತ್ತುಕೊಂಡು ಹೋಗಬೇಕು ಎಂದು ಅವನನ್ನೇ ಕರೆದೆ. ಒಂದು ಗಂಟೆಯಲ್ಲಿ ಕಂಪ್ಯೂಟರ್ ಎದ್ದು ಕುಳಿತಿತು. ಬೆನ್ನು ತಟ್ಟಿ ಐನೂರು ರೂಪಾಯಿ ಕೊಟ್ಟೆ. ಸಂಜೆ ಲೆಕ್ಕ ತೆರೆಯಲು ಹೋದರೆ ಲೆಕ್ಕವೇ ಇಲ್ಲ. ಅದಿದ್ದ ಡಿ ಡ್ರೈವ್ ಎಂಬುದೇ ಇಲ್ಲ.

ನಾನು ಬೈದೆ. ಹಗಲೂ ರಾತ್ರಿ ಅದರ ಮುಂದೆಯೇ ಕೂರುವವನಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದೆ. ಅಕ್ಕ, "ಅವನು ಆಡುವವನು, ರಿಪೇರಿ ಮಾಡುವವನಲ್ಲ. ಕರೆದವನು ನೀನು" ಎಂದು ಚೀಲ ತೆಗೆದುಕೊಂಡು ಮಗನ ಜೊತೆ ಮಡಿಕೇರಿಗೆ ಹೊರಟೇ ಹೋದಳು. ಈಗ ಹೇಳಿ, ತಪ್ಪು ಯಾರದು?

ಗೋಣಿಕೊಪ್ಪದ ಅಂಗಡಿಯವನು

ತಪ್ಪು ಯಾರದೆಂದು ಆಮೇಲೆ ನೋಡೋಣ. ಮೊದಲು ಆ ಕಂಪ್ಯೂಟರಿನ ಪ್ಲಗ್ ಕಿತ್ತುಬಿಡಿ. ಒಳಗಿರುವುದು ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಯೋ? ಹುಡುಗ ಫಾರ್ಮ್ಯಾಟ್ ಮಾಡಿದ ಮೇಲೆ ಅದರಲ್ಲಿ ಏನೇನು ಮಾಡಿದ್ದೀರಿ?

ಸಿದ್ದಾಪುರದ ತೋಟದವ

ಎಂಟು ವರ್ಷ ಹಳೆಯದು, ಆನ್ ಮಾಡಿದರೆ ಒಳಗೆ ಸಣ್ಣಗೆ ಗುಂಯ್ ಎನ್ನುತ್ತದೆ. ಕಳೆದುಹೋದದ್ದು ಗೊತ್ತಾದ ಮೇಲೆ ಸಿಟ್ಟಿನಲ್ಲಿ ಮುಚ್ಚಿಟ್ಟವನು ಮತ್ತೆ ಮುಟ್ಟಿಲ್ಲ.

ಗೋಣಿಕೊಪ್ಪದ ಅಂಗಡಿಯವನು

ನಿಮ್ಮ ಸಿಟ್ಟು ನಿಮ್ಮನ್ನು ಕಾಪಾಡಿದೆ. ತಿರುಗುವ ಡಿಸ್ಕಿನಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಸಿಹೋಗುವುದು ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ. ಸರಕು ಗೋದಾಮಿನಲ್ಲೇ ಇರುತ್ತದೆ, ಸ್ಟಾಕ್ ಪುಸ್ತಕ ಹರಿದಿರುತ್ತದೆ. ಹೊಸ ಸರಕು ತಂದು ಅದರ ಮೇಲೆ ಒಟ್ಟುವವರೆಗೆ ಹಳೆಯದನ್ನು ಹುಡುಕಬಹುದು. ಎಸ್‌ಎಸ್‌ಡಿ ಆಗಿದ್ದರೆ ಕಥೆ ಬೇರೆ. ಖಾಲಿಯಾದ ಜಾಗವನ್ನು ಅದು ತಾನಾಗಿಯೇ ಒಳಗೊಳಗೆ ಸ್ವಚ್ಛಮಾಡಿಕೊಳ್ಳುತ್ತದೆ, ಆಮೇಲೆ ಸಿಗುವುದು ಬಹಳ ಕಷ್ಟ. ಡಿಸ್ಕ್ ತೆಗೆದು ತನ್ನಿ. ಪೂರ್ತಿ ಸಿಗುತ್ತದೆ ಎಂದು ಮಾತು ಕೊಡುವುದಿಲ್ಲ. ಹೊಸ ವಿಂಡೋಸ್ ಕುಳಿತ ಜಾಗದಲ್ಲಿದ್ದದ್ದು ಹೋಗಿಯೇ ಹೋಯಿತು.

ಇನ್ನು ನಿಮ್ಮ ಪ್ರಶ್ನೆ. ಹದಿನಾಲ್ಕು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಆಟ ಆಡುವ ಹುಡುಗರು ನನ್ನ ಒಳ್ಳೆಯ ಗಿರಾಕಿಗಳು, ದೂರುತ್ತಿಲ್ಲ. ಮಾರುಕಟ್ಟೆಯಲ್ಲಿರುವ, ಆಟದ ಚಿತ್ರ ಮೂಡಿಸುವ ಎಲ್ಲ ಗ್ರಾಫಿಕ್ಸ್ ಕಾರ್ಡುಗಳ ಹೆಸರು, ಬೆಲೆ, ಯಾವುದರ ಮೇಲೆ ಯಾವ ಆಟ ಸೆಕೆಂಡಿಗೆ ಎಷ್ಟು ಫ್ರೇಮ್ ಓಡುತ್ತದೆ, ಎಲ್ಲವನ್ನೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ಹೋದ ವರ್ಷ ಅಂಥವನೊಬ್ಬ ಬಂದ. ದುಬಾರಿ ಕಾರ್ಡ್ ಹಾಕಿಸಿಕೊಂಡರೂ ಆಟ ತೆವಳುತ್ತಿದೆ, ಕಾರ್ಡೇ ಕೆಟ್ಟದ್ದು ಎಂದು ಜಗಳಕ್ಕೆ ನಿಂತ. ಹಿಂದೆ ತಿರುಗಿಸಿ ನೋಡಿದರೆ ಮಾನಿಟರಿನ ಕೇಬಲ್ಲನ್ನು ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿದ್ದಾನೆ! ಎರಡು ತಿಂಗಳಿಂದ ಕಾರ್ಡ್ ಸುಮ್ಮನೆ ಕುಳಿತು ಕರೆಂಟು ತಿನ್ನುತ್ತಿತ್ತು. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್‌ನ ಮಾನಿಟರ್ ಕೊಂಡು, ಸೆಟ್ಟಿಂಗ್ ಬದಲಿಸದೆ ವರ್ಷವಿಡೀ 60ರಲ್ಲೇ ಆಡಿದವರಿಗೆ ಲೆಕ್ಕವಿಲ್ಲ. ನಾನು ಸೆಟ್ಟಿಂಗ್ ಬದಲಿಸಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಮುಖ ಕೆಂಪಗಾಗುತ್ತದಲ್ಲ, ಅದೇ ಸಾಕು.

ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವುದೇ ಬೇರೆ ರೋಗಗಳು. ಎಸ್‌ಎಂಪಿಎಸ್ ಎಂಬ ಕರೆಂಟಿನ ಪೆಟ್ಟಿಗೆಯೊಳಗೆ ಬೆಚ್ಚಗಿದೆ ಎಂದು ಹೋಗಿ ಸತ್ತ ಹಲ್ಲಿ, ತೇವಕ್ಕೆ ಹಸಿರು ಹಿಡಿದ ರ‍್ಯಾಮ್, ಮಿಂಚಿಗೆ ಸುಟ್ಟ ಮೋಡೆಮ್. ಇದನ್ನು ಯಾವ ಆಟ ಕಲಿಸುತ್ತದೆ?

ಮದ್ದುಸೊಪ್ಪು

ಕೈಲ್ ಪೊಳ್ದ್ ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದು ಬೀಳಿಸಿದವನ ಕೈಗೆ ಯಾರಾದರೂ ಕೆಟ್ಟ ಕೋವಿ ಕೊಟ್ಟು ರಿಪೇರಿ ಮಾಡು ಎನ್ನುತ್ತಾರೆಯೇ? ತೋಟದವರೇ, ತಪ್ಪು ನಿಮ್ಮದು. ಅಕ್ಕನಿಗೆ ಫೋನ್ ಮಾಡಿ.

ಭಾಗಮಂಡಲದ ಜೀಪಿನವ

ಕೋವಿಯ ಮಾತು ಒಪ್ಪಿದೆ. ಜೀಪಿನ ಮಾತು ಹೇಳುತ್ತೇನೆ, ಅದು ಉಲ್ಟಾ ಹೊಡೆಯುತ್ತದೆ. ನನ್ನ ಅಪ್ಪ ಹಳೆಯ ಪೆಟ್ರೋಲ್ ಜೀಪ್ ಓಡಿಸುತ್ತಿದ್ದರು. ಅವರು ಮೆಕ್ಯಾನಿಕ್ ಅಲ್ಲ, ಆದರೆ ಕಾರ್ಬುರೇಟರ್ ಬಿಚ್ಚಿ ಊದುವುದು, ಪ್ಲಗ್ ಉಜ್ಜುವುದು, ಫ್ಯಾನ್ ಬೆಲ್ಟ್ ಹರಿದರೆ ಹಗ್ಗ ಕಟ್ಟಿ ಮನೆ ಮುಟ್ಟುವುದು, ಎಲ್ಲವೂ ಬರುತ್ತಿತ್ತು. ಆ ಕಾಲದಲ್ಲಿ ಜೀಪ್ ಓಡಿಸುವವರೆಲ್ಲರಿಗೂ ಬರುತ್ತಿತ್ತು. ಯಾಕೆಂದರೆ ಜುಲೈ ತಿಂಗಳ ಮಳೆಯಲ್ಲಿ ತಲಕಾವೇರಿ ರಸ್ತೆಯಲ್ಲಿ ಗಾಡಿ ನಿಂತರೆ ಬರುವವರು ಯಾರೂ ಇರಲಿಲ್ಲ. ನಾನು ಈಗ ಓಡಿಸುವ ಗಾಡಿಯ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಏನೂ ಕಾಣುವುದಿಲ್ಲ. ಅಪ್ಪನಿಗಿಂತ ನಾನು ಹೆಚ್ಚು ಕಿಲೋಮೀಟರ್ ಓಡಿಸಿದ್ದೇನೆ, ಗಾಡಿಯ ಬಗ್ಗೆ ಅವರ ಕಾಲು ಭಾಗವೂ ಗೊತ್ತಿಲ್ಲ.

ಆಟದವರ ವಿಷಯವೂ ಹೀಗೆಯೇ ಇರಬೇಕು ಎಂದು ನನ್ನ ಅನುಮಾನ. ಗೊತ್ತಿರುವವರು ಹೇಳಲಿ.

ಹಳೆಯ ಡಾಸ್

ಜೀಪಿನವರೇ, ನಿಮ್ಮ ಅನುಮಾನಕ್ಕೆ ಸಾಕ್ಷಿ ನಾನು. ಬ್ಯಾಂಕಿನಿಂದ ನಿವೃತ್ತನಾಗಿ ಈಗ ಮೂರ್ನಾಡಿನಲ್ಲಿದ್ದೇನೆ. 1994ರಲ್ಲಿ ಮೈಸೂರಿನಲ್ಲಿದ್ದಾಗ ಸಾಲ ಮಾಡಿ ಕಂಪ್ಯೂಟರ್ ಕೊಂಡೆ. ಮಗನ ಓದಿಗೆ ಎಂದು ಮನೆಯಲ್ಲಿ ಹೇಳಿದ್ದು. ಅದರ ಹಿಂದಿನ ಡಿಸೆಂಬರಿನಲ್ಲಷ್ಟೇ ಡೂಮ್ ಎಂಬ ಆಟ ಬಂದಿತ್ತು, ಯಾರೋ ಫ್ಲಾಪಿಗಳಲ್ಲಿ ತಂದುಕೊಟ್ಟರು. ಆಗ ಆಟ ಎಂದರೆ ಒತ್ತಿದರೆ ಶುರುವಾಗುವ ವಸ್ತುವಲ್ಲ. ಆಗ ಕಂಪ್ಯೂಟರನ್ನು ನಡೆಸುತ್ತಿದ್ದ ಡಾಸ್‌ನ ಕೆಳಗೆ ಪ್ರೋಗ್ರಾಮುಗಳಿಗೆ ಸಲೀಸಾಗಿ ದಕ್ಕುತ್ತಿದ್ದದ್ದು ಮೊದಲ 640 ಕಿಲೋಬೈಟ್ ಮೆಮೊರಿ. ಮೌಸಿನ ಡ್ರೈವರ್, ಸಿ.ಡಿ.ಯ ಡ್ರೈವರ್ ಅಲ್ಲೇ ಕುಳಿತುಬಿಟ್ಟರೆ ಎಷ್ಟೋ ಆಟಗಳು ಜಾಗವಿಲ್ಲ ಎಂದು ಮುಷ್ಕರ ಹೂಡುತ್ತಿದ್ದವು. ಕಾನ್ಫಿಗ್.ಸಿಸ್, ಆಟೋಎಕ್ಸೆಕ್.ಬ್ಯಾಟ್ ಎಂಬ ಎರಡು ಫೈಲ್ ತೆರೆದು, ಒಂದೊಂದು ಸಾಲು ತಿದ್ದಿ, ಅವನ್ನು ಮೇಲಿನ ಮೆಮೊರಿಗೆ ಅಟ್ಟಬೇಕು. ಶಬ್ದ ಬೇಕೆಂದರೆ ಸೌಂಡ್ ಕಾರ್ಡಿನ ವಿಳಾಸ 220, ಐಆರ್‌ಕ್ಯೂ 5 ಅಥವಾ 7, ಡಿಎಂಎ 1 ಎಂದು ನಾವೇ ಆಟಕ್ಕೆ ಹೇಳಬೇಕು. ಒಂದು ಅಂಕಿ ತಪ್ಪಿದರೆ ಮೌನ, ಇಲ್ಲವೇ ಕಂಪ್ಯೂಟರೇ ಸ್ತಬ್ಧ.

ರಾತ್ರಿ ಹತ್ತಕ್ಕೆ ಕುಳಿತವನಿಗೆ ಆಟ ಶುರುವಾಗುವಾಗ ಹನ್ನೆರಡೂವರೆ. ಆಡುವುದು ಇಪ್ಪತ್ತು ನಿಮಿಷ. ಬ್ಯಾಂಕಿಗೆ ಗಣಕೀಕರಣ ಬಂದಾಗ ಶಾಖೆಯಲ್ಲಿ ನಾನೇ ಪಂಡಿತ. ಎಲ್ಲಿ ಕಲಿತಿರಿ ಎಂದು ಮ್ಯಾನೇಜರ್ ಕೇಳಿದರೆ ದೆವ್ವಗಳನ್ನು ಕೊಲ್ಲುತ್ತ ಕಲಿತೆ ಎಂದು ಹೇಳಲಾಗುತ್ತದೆಯೇ? ಆಟಗಾರನೆಂದರೆ ಕಂಪ್ಯೂಟರ್ ಬಲ್ಲವನು ಎಂಬ ಮಾತು ಹುಟ್ಟಿದ್ದು ನಮ್ಮ ಕಾಲದಲ್ಲಿರಬೇಕು, ಆಗ ಅದು ಬಹುಮಟ್ಟಿಗೆ ನಿಜವೂ ಆಗಿತ್ತು. ಈಗ ನನ್ನ ಮೊಮ್ಮಗ ಟಿ.ವಿ.ಗೆ ಪೆಟ್ಟಿಗೆಯೊಂದನ್ನು ಸಿಕ್ಕಿಸಿ ಗುಂಡಿ ಒತ್ತುತ್ತಾನೆ, ಆಡುತ್ತಾನೆ. ಕೆಟ್ಟರೆ ಕಂಪನಿಗೆ ಕಳಿಸುತ್ತಾರೆ. ಅವನಿಗೆ ಕಲಿಯುವ ಸಂದರ್ಭವೇ ಬಂದಿಲ್ಲ. ಅವನ ತಪ್ಪಲ್ಲ.

ನೆಟ್‌ವರ್ಕ್ ಇಲ್ಲದ ಮೇಷ್ಟ್ರು

ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಹುಡುಗರ ಆಟವೆಲ್ಲ ಮೊಬೈಲಿನಲ್ಲಿ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ನಿಷೇಧವಾದಾಗ ತರಗತಿಯಲ್ಲಿ ಸೂತಕದ ಕಳೆ ಇತ್ತು. ಮರುವರ್ಷ ಜುಲೈಯಲ್ಲಿ ಬೇರೆ ಹೆಸರಿನಲ್ಲಿ ಮರಳಿ ಬಂದಾಗ ನನಗೂ ಒಬ್ಬ ಸಿಹಿ ಕೊಟ್ಟ. ಅಂಥ ಪ್ರವೀಣರು. ಅವರನ್ನೇ ಲ್ಯಾಬಿಗೆ ಕರೆದುಕೊಂಡು ಹೋಗಿ ಒಂದು ಪುಟ ಟೈಪ್ ಮಾಡಿಸಿದೆ. ಎರಡು ಹೆಬ್ಬೆರಳು ಬಿಟ್ಟು ಉಳಿದ ಎಂಟು ಬೆರಳಿಗೆ ಕೆಲಸವೇ ಗೊತ್ತಿಲ್ಲ. ಫೈಲನ್ನು ಎಲ್ಲಿ ಸೇವ್ ಮಾಡಿದೆ ಎಂದು ಕೇಳಿದರೆ, "ಗ್ಯಾಲರಿಯಲ್ಲಿ ಇರಬೇಕು ಸರ್" ಎನ್ನುತ್ತಾನೆ. ಫೋಲ್ಡರಿನೊಳಗೆ ಫೋಲ್ಡರ್ ಎಂಬ ಕಲ್ಪನೆಯೇ ಇಲ್ಲ. ಇರಲು ಮೊಬೈಲ್ ಅದನ್ನು ತೋರಿಸಬೇಕಲ್ಲ.

ಈ ತಲೆಮಾರಿಗೆ 'ಡಿಜಿಟಲ್ ನೇಟಿವ್' ಎಂದು ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ 2001ರಲ್ಲಿ ಹೆಸರಿಟ್ಟರು. ಹುಟ್ಟುತ್ತಲೇ ಡಿಜಿಟಲ್ ಊರಿನವರು ಎಂಬ ಅರ್ಥದಲ್ಲಿ. ಊರಿನಲ್ಲಿ ಹುಟ್ಟಿದ ಮಾತ್ರಕ್ಕೆ ಸರ್ವೆ ನಂಬರ್ ಗೊತ್ತಿರಬೇಕೆಂದಿಲ್ಲ ಎಂದು ಪಹಣಿಗಾಗಿ ಅಲೆದ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ.

ವಿರಾಜಪೇಟೆಯ ನಿಶಾಚರಿ

ಮೇಲಿನಿಂದ ಇಲ್ಲಿಯವರೆಗೆ ಓದಿದೆ. ಹುಡುಗ, ಹುಡುಗ, ಹುಡುಗ. ನಾನು ಹುಡುಗಿ, ಹತ್ತು ವರ್ಷದಿಂದ ಆಡುತ್ತಿದ್ದೇನೆ, 2021ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಚಿನ್ನದ ಬೆಲೆ ಇದ್ದಾಗ ಹಳೆಯ ಕಾರ್ಡ್ ಹುಡುಕಿ, ಒಂದೊಂದೇ ಭಾಗ ತರಿಸಿ, ನನ್ನ ಕಂಪ್ಯೂಟರನ್ನು ನಾನೇ ಜೋಡಿಸಿದ್ದೇನೆ. ಪ್ರೊಸೆಸರಿನ ಮೇಲೆ ಥರ್ಮಲ್ ಪೇಸ್ಟ್ ಹಚ್ಚುವಾಗ ಅಮ್ಮ ಇದೇನು ಮುಲಾಮು ಎಂದು ಕೇಳಿದ್ದರು. ಇಷ್ಟಾದರೂ ನಮ್ಮ ಮನೆಯಲ್ಲಿ ಪ್ರಿಂಟರ್ ನಿಂತರೆ, ದೊಡ್ಡಪ್ಪನ ಇ-ಕೆವೈಸಿ ಆಗದಿದ್ದರೆ, ಎಲ್ಲರೂ ಹುಡುಕುವುದು ನನ್ನ ತಮ್ಮನನ್ನು. ಅವನು ಆಡುವುದು ಮೊಬೈಲಿನಲ್ಲಿ ಫುಟ್‌ಬಾಲ್. ಅವನು, "ನೋಡುತ್ತೇನೆ ದೊಡ್ಡಪ್ಪ" ಎಂದು ಗಂಭೀರವಾಗಿ ತಲೆಯಾಡಿಸಿ ನನ್ನ ಕೋಣೆಗೆ ಬಂದು ಕೇಳುತ್ತಾನೆ. ನಾನು ಹೇಳಿದ್ದನ್ನು ಹೋಗಿ ಒತ್ತುತ್ತಾನೆ. ಕಾಫಿ, ಕಡುಬು, ಹೊಗಳಿಕೆ ಎಲ್ಲ ಅವನಿಗೆ.

ಆಟ ಆಡುವವರೆಲ್ಲ ಬಲ್ಲವರು ಎಂಬುದು ಒಂದು ಸುಳ್ಳು. ಅದರಲ್ಲೂ ಗಂಡು ಮಕ್ಕಳು ಮಾತ್ರ ಎಂಬುದು ಅದರ ಬಾಲ. ನಾನು ಆಡಿದರೆ ಸಮಯ ಹಾಳು, ಅವನು ಆಡಿದರೆ ಕಂಪ್ಯೂಟರ್ ಜ್ಞಾನ.

ಹೋಂಸ್ಟೇ ಅಕ್ಕ, ಕಕ್ಕಬ್ಬೆ

ನಿಶಾಚರಿ, ನೀನು ಒಂದು ದಿನ ಇಲ್ಲಿಗೆ ಬಾ ತಂಗಿ, ಕಡುಬು, ಪಂದಿಕರಿ ಎರಡೂ ಮಾಡುತ್ತೇನೆ. ನಮ್ಮ ಸಿ.ಸಿ.ಟಿ.ವಿ. ಕೆಟ್ಟು ನಾಲ್ಕು ತಿಂಗಳಾಯಿತು.

ವಿರಾಜಪೇಟೆಯ ನಿಶಾಚರಿ

ಅಕ್ಕ, ನನಗೆ ಸಿ.ಸಿ.ಟಿ.ವಿ. ಬರುವುದಿಲ್ಲ! ಇಷ್ಟು ಹೊತ್ತು ನಾನು ಹೇಳಿದ್ದೇನು?

ಪಿಂಗ್ 19

ನನಗೆ ಹತ್ತೊಂಬತ್ತು ವರ್ಷ, ನಾಪೋಕ್ಲು ಕಡೆಯವನು. ಮೇಷ್ಟ್ರ ಮಾತಿಗೆ ಸಣ್ಣ ತಕರಾರು. ನಾವು ಏನೂ ಕಲಿತಿಲ್ಲ ಎನ್ನಬೇಡಿ. ಕೊಡಗಿನಲ್ಲಿ ಕುಳಿತು ಆನ್‌ಲೈನ್ ಆಟ ಆಡುವವನು ನೆಟ್‌ವರ್ಕಿನ ಬಗ್ಗೆ ಕಲಿಯದೆ ಬೇರೆ ದಾರಿಯೇ ಇಲ್ಲ. ಅಪ್ಪ 100 ಎಂಬಿಪಿಎಸ್ ವೇಗದ ನೆಟ್ ಹಾಕಿಸಿದ್ದೇನೆ, ಇನ್ನೇನು ಬೇಕು ಎನ್ನುತ್ತಾರೆ. ಆಟಕ್ಕೆ ಅಷ್ಟು ಬೇಡ, ಅದು ತಿನ್ನುವ ಡೇಟಾ ವಿಡಿಯೋಗಿಂತ ಎಷ್ಟೋ ಕಡಿಮೆ. ಬೇಕಾದದ್ದು ಹೋಗಿ ಬರುವ ಸಮಯ, ಅದೇ ಪಿಂಗ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಸರ್ವರ್ ಮುಂಬೈಯಲ್ಲಿದ್ದು ಎಳೆಯ ದಾರಿ ಸಾವಿರ ಕಿಲೋಮೀಟರ್ ಎಂದಿಟ್ಟುಕೊಂಡರೆ ಹೋಗಿ ಬರಲು 10 ಮಿಲಿಸೆಕೆಂಡ್ ಸಾಕು. ಉಳಿದದ್ದೆಲ್ಲ ನಡುವಿನ ಪೆಟ್ಟಿಗೆಗಳು ಮತ್ತು ನಮ್ಮ ಮನೆಯ ವೈಫೈ ತಿನ್ನುವ ಸಮಯ. ಭೂಸ್ಥಿರ ಉಪಗ್ರಹದ ಸಂಪರ್ಕವಾದರೆ ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ, ಕೆಳಗಿಳಿದು, ಉತ್ತರ ಮತ್ತೆ ಅದೇ ದಾರಿಯಲ್ಲಿ ಬರಬೇಕು. ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಅಷ್ಟರಲ್ಲಿ ನಾನು ಸತ್ತು ನೆಲಕ್ಕೆ ಬಿದ್ದಿರುತ್ತೇನೆ.

ಮರ ಬಿದ್ದು ಕೇಬಲ್ ಹರಿದದ್ದೋ, ರೂಟರ್ ಕೆಟ್ಟದ್ದೋ ಎಂದು ಲೈನ್‌ಮನ್ ಬರುವ ಮೊದಲೇ ಹೇಳುತ್ತೇನೆ. ಆದರೆ ನಿಜ ಹೇಳಬೇಕೆಂದರೆ ನನಗೆ ಗೊತ್ತಿರುವುದು ಅಷ್ಟೇ. ಎಕ್ಸೆಲ್‌ನಲ್ಲಿ ಕೂಡಿಸುವುದು ಹೇಗೆಂದು ಪಕ್ಕದ ಮನೆಯ ಆಂಟಿ ಕೇಳಿದಾಗ ಕ್ಯಾಲ್ಕುಲೇಟರ್ ತಂದುಕೊಟ್ಟೆ.

ಬೆಂಗಳೂರಿನಲ್ಲಿರುವ ಸೋಮವಾರಪೇಟೆಯವ

ನಾನು ಎದುರು ಪಕ್ಷ. ಇಂದು ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಅದಕ್ಕೆ ಕಾರಣ ಆಟವೇ. ಕುಶಾಲನಗರದಲ್ಲಿ ಓದುವಾಗ ಸೈಬರ್ ಸೆಂಟರಿನಲ್ಲಿ ಆರು ಜನ ಸೇರಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆವು. ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕಾಣದಿದ್ದರೆ ಐಪಿ ವಿಳಾಸ ನೋಡಿ ಸರಿಮಾಡುತ್ತಿದ್ದವನು ನಾನು, ಯಾಕೆಂದರೆ ಮಾಲೀಕ ಊಟಕ್ಕೆ ಹೋದರೆ ಮೂರು ಗಂಟೆಯವರೆಗೆ ಬರುತ್ತಿರಲಿಲ್ಲ. ಆಮೇಲೆ ಆ ಆಟದ ನಕ್ಷೆ ನಾನೇ ಮಾಡಬಹುದು ಎಂದು ತಿಳಿಯಿತು. ನಮ್ಮ ಆಳುಗಳ ಲೈನ್ ಮನೆ, ಕಾಫಿ ಕಣ, ಪಲ್ಪಿಂಗ್ ತೊಟ್ಟಿ ಎಲ್ಲವನ್ನೂ ಹಾಕಿ ಒಂದು ನಕ್ಷೆ ಮಾಡಿದೆ. ಮೂರು ತಿಂಗಳು ಹಿಡಿಯಿತು. ಕಣದಲ್ಲಿ ಅಡಗಲು ಜಾಗವಿಲ್ಲವೆಂದು ಯಾರೂ ಆಡಲಿಲ್ಲ. ಕೌಂಟರ್ ಸ್ಟ್ರೈಕ್ ಕೂಡ ಹಾಗೆ ಹುಟ್ಟಿದ್ದೇ: 1999ರಲ್ಲಿ ಇಬ್ಬರು ಹುಡುಗರು ಹಾಫ್ ಲೈಫ್ ಎಂಬ ಇನ್ನೊಂದು ಆಟವನ್ನು ಬಿಚ್ಚಿ ಮಾರ್ಪಾಡು ಮಾಡಿದ್ದು, ಆಮೇಲೆ ಅದನ್ನು ಹಾಫ್ ಲೈಫ್ ಮಾಡಿದ ಕಂಪನಿಯೇ ಕೊಂಡುಕೊಂಡಿತು.

ಭಾಗಮಂಡಲದ ಜೀಪಿನವ

ಸೋಮವಾರಪೇಟೆಯವರೇ, ಆರು ಜನರಲ್ಲಿ ಉಳಿದ ಐವರು ಏನಾದರು?

ಬೆಂಗಳೂರಿನಲ್ಲಿರುವ ಸೋಮವಾರಪೇಟೆಯವ

ಇಬ್ಬರು ತೋಟ, ಒಬ್ಬ ಸೇನೆ, ಒಬ್ಬ ವಕೀಲ. ಇನ್ನೊಬ್ಬ ದುಬೈಯಲ್ಲಿದ್ದಾನೆ, ವಾಟ್ಸ್‌ಆ್ಯಪ್ ಬ್ಯಾಕಪ್ ಹೇಗೆ ಎಂದು ಈಗಲೂ ನನಗೆ ಫೋನ್ ಮಾಡುತ್ತಾನೆ. ಆಟದಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿದ್ದವನು ಅವನೇ. ಸರಿ, ನಿಮ್ಮ ಪ್ರಶ್ನೆ ಅರ್ಥವಾಯಿತು.

ಮೈಸೂರಿನಲ್ಲಿ ಓದುವ ದಾದಿ

ಒಂದು ಸೇರಿಸುತ್ತೇನೆ. ಆಟ ಏನೂ ಕೊಡುವುದಿಲ್ಲ ಎಂದಲ್ಲ. ವೇಗದ ಆಟ ಆಡುವವರ ಕಣ್ಣಿನ ಗಮನ ಚುರುಕಾಗುತ್ತದೆ ಎಂದು 2003ರಲ್ಲಿ ನೇಚರ್ ಪತ್ರಿಕೆಯಲ್ಲೇ ಪ್ರಕಟವಾಗಿದೆ. 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನಕ್ಕೆ ಅಮೆರಿಕದಲ್ಲಿ 33 ಶಸ್ತ್ರವೈದ್ಯರನ್ನು ಪರೀಕ್ಷಿಸಿದ್ದರು. ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಹೆಚ್ಚು ಆಡಿದ್ದವರು ಸಣ್ಣ ರಂಧ್ರದ ಮೂಲಕ ಹೊಟ್ಟೆಯ ಶಸ್ತ್ರಕ್ರಿಯೆ ಮಾಡುವ ಲ್ಯಾಪರೊಸ್ಕೋಪಿಯ ಅಭ್ಯಾಸದಲ್ಲಿ ಶೇಕಡಾ 37ರಷ್ಟು ಕಡಿಮೆ ತಪ್ಪು ಮಾಡಿದ್ದರು. ಪರದೆ ನೋಡುತ್ತ ಕೈ ಆಡಿಸುವ ಕೆಲಸ ತಾನೇ ಅದು. ಆದರೆ ಅವರೆಲ್ಲ ಮೊದಲೇ ವೈದ್ಯರು. ಚೆನ್ನಾಗಿ ಆಡುತ್ತಾನೆ ಎಂದು ಬಿ.ಕಾಂ. ಹುಡುಗನ ಕೈಗೆ ಯಾರೂ ಹೊಟ್ಟೆ ಕೊಡಲಿಲ್ಲ.

ಮದ್ದುಸೊಪ್ಪು

ತೋಟದವರು ಆರು ವರ್ಷದ ಲೆಕ್ಕ ಕೊಟ್ಟರು.

ಲಾಗಿನ್ ಆಗದವ

ನಾನೇ ಆ ಅಕ್ಕನ ಮಗ. ಅಮ್ಮನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ಎಂಟನೇ ತರಗತಿಯಲ್ಲಿದ್ದಾಗ ಅಜ್ಜನ ಟಿ.ವಿ.ಯ ಚಾನೆಲ್ ಸರಿಮಾಡಿಕೊಟ್ಟೆ. ಅಂದಿನಿಂದ ಮನೆತನದಲ್ಲೆಲ್ಲ ನಾನು ಕಂಪ್ಯೂಟರ್ ಹುಡುಗ. ಮದುವೆ ಮನೆಗೆ ಹೋದರೂ ಯಾರಾದರೊಬ್ಬರು ಮೊಬೈಲ್ ಚಾಚುತ್ತಾರೆ. ಮೊದಮೊದಲು ಗೊತ್ತಿಲ್ಲ ಎನ್ನುತ್ತಿದ್ದೆ, ನಂಬುತ್ತಿರಲಿಲ್ಲ, ಅಹಂಕಾರ ಎಂದುಕೊಳ್ಳುತ್ತಿದ್ದರು. ಆಮೇಲೆ ನನಗೂ ಹಾಗೆ ಕರೆಸಿಕೊಳ್ಳುವುದು ರುಚಿಸತೊಡಗಿತು. ಅಂಕದಲ್ಲಿ ಹೊಗಳಿಸಿಕೊಂಡವನಲ್ಲ, ಹಾಕಿಯಲ್ಲೂ ಇಲ್ಲ. ಇದೊಂದಿತ್ತು.

ಆ ದಿನ ಮಾವ ಕರೆದಾಗ ಹನ್ನೆರಡು ನಿಮಿಷದ ಒಂದು ವಿಡಿಯೋ ನೋಡಿ ಕುಳಿತೆ. ವಿಂಡೋಸ್ ಹಾಕುವಾಗ ಒಂದು ಪರದೆ ಬರುತ್ತದೆ. ಅಲ್ಲಿ ಸಿ, ಡಿ ಎಂದು ಬರೆದಿರಲಿಲ್ಲ. ಡ್ರೈವ್ 0 ಪಾರ್ಟಿಷನ್ 1, 2, 3 ಎಂದಿತ್ತು. ವಿಡಿಯೋದವನು ಎಲ್ಲವನ್ನೂ ಡಿಲೀಟ್ ಮಾಡಿ ಎಂದ. ಅವನದು ಖಾಲಿ ಕಂಪ್ಯೂಟರ್. ಒಂದು ಕ್ಷಣ ಕೈ ನಿಂತಿತು. ಹಿಂದೆ ಮಾವ, ಅತ್ತೆ, ತೋಟದ ಲೆಕ್ಕ ಬರೆಯುವ ರೈಟರ್ ಮೂವರೂ ನಿಂತು ನೋಡುತ್ತಿದ್ದರು. ಕೇಳಲು ನಾಚಿಕೆಯಾಯಿತು. ಒತ್ತಿದೆ.

ಮಾವ, ಆ ಐನೂರು ರೂಪಾಯಿ ಹಾಗೆಯೇ ಇದೆ.

ಸಿದ್ದಾಪುರದ ತೋಟದವ

ಇದನ್ನು ನಿನ್ನೆ ರಾತ್ರಿ ಓದಿದೆ, ಇವತ್ತು ಬೆಳಿಗ್ಗೆ ಮಡಿಕೇರಿಗೆ ಹೋಗಿ ಬಂದೆ. ಅಕ್ಕ ಮೊದಲು ಕಾಫಿ ಕೊಟ್ಟಳು, ಆಮೇಲೆ ಬೈದಳು. ಅವಳ ಮುಂದೆ ಅಷ್ಟು ಸಾಕು ಎನ್ನಿಸಿತು.

ಅಂಗಡಿಯವರ ಹತ್ತಿರ ಡಿಸ್ಕ್ ಕೊಟ್ಟು ಬಂದಿದ್ದೇನೆ.

ಗೋಣಿಕೊಪ್ಪದ ಅಂಗಡಿಯವನು

ಐದು ದಿನವಾಯಿತು. ತೋಟದವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಫೋಟೋಗಳೆಲ್ಲ ಸಿಕ್ಕಿವೆ, ಮದುವೆ, ಹುತ್ತರಿ, ಸತ್ತುಹೋದ ನಾಯಿ, ಎಲ್ಲವೂ. ಎಕ್ಸೆಲ್ ಫೈಲುಗಳು ನಾನೂರರಷ್ಟು ಸಿಕ್ಕಿವೆ, ಆದರೆ ಹೆಸರು ಉಳಿದಿಲ್ಲ. ಎಲ್ಲಕ್ಕೂ ಬರೀ ನಂಬರ್. ಒಂದೊಂದೇ ತೆರೆದು ಯಾವ ತಿಂಗಳದೆಂದು ನೋಡಬೇಕು. ಕೊನೆಯ ಎರಡು ವರ್ಷದ್ದು ಇಲ್ಲ, ಹೊಸ ವಿಂಡೋಸ್ ಅದರ ಮೇಲೆಯೇ ಕುಳಿತಿದೆ. ಮುಂದೆ ಲೆಕ್ಕದ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಡಿ, ಆ ಡಿಸ್ಕನ್ನು ಬೇರೆ ಮನೆಯಲ್ಲಿ ಇಡಿ. ಗುಡುಗಿದರೆ ಕರೆಂಟಿನ ಪ್ಲಗ್ ಮಾತ್ರವಲ್ಲ, ನೆಟ್ ಕೇಬಲ್ಲನ್ನೂ ಕೀಳಿ.

ಸಿದ್ದಾಪುರದ ತೋಟದವ

ಆ ಎರಡು ವರ್ಷದ್ದು ರೈಟರ್ ಬಳಿ ಇದೆಯಂತೆ. ಕಂಪ್ಯೂಟರ್ ಬಂದ ಮೇಲೂ ಅವರು ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಬೇಡ ಎಂದು ನಾನೇ ಹೇಳಿದ್ದೆ, ಸದ್ಯ ಕೇಳಲಿಲ್ಲ. ಏಳು ಪುಸ್ತಕ, ಮಳೆಗೆ ಒಂದರ ಅಂಚು ಬೂಷ್ಟು ಹಿಡಿದಿದೆ, ಅಕ್ಷರ ಓದಲು ಬರುತ್ತದೆ.

ಅಕ್ಕನ ಮಗ ಶನಿವಾರ ಬಂದಿದ್ದಾನೆ. ರೈಟರ್ ಓದುತ್ತಾರೆ, ಇವನು ಟೈಪ್ ಮಾಡುತ್ತಾನೆ. ಬೆರಳು ಓಡುವ ವೇಗ ಇಲ್ಲಿ ಉಪಯೋಗಕ್ಕೆ ಬಂತು, ಅದನ್ನು ಹೇಳಬೇಕು. ಕೂಡಿಸುವುದು ಮಾತ್ರ ರೈಟರ್ ಬಾಯಲ್ಲೇ. ಎಕ್ಸೆಲ್ ಎರಡು ಸಲ ತಪ್ಪು ತೋರಿಸಿತು, ಸೂತ್ರದಲ್ಲಿ ಒಂದು ಸಾಲು ಬಿಟ್ಟಿದ್ದನಂತೆ. ರಾತ್ರಿ ಒಂಬತ್ತಕ್ಕೆ ಪುಸ್ತಕ ಮುಚ್ಚಿ ಲ್ಯಾಪ್‌ಟಾಪ್ ತೆರೆದು ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ನಿನ್ನೆ ಪಕ್ಕದ ತೋಟದವರು ಬಂದು, "ನಿಮ್ಮ ಹುಡುಗ ಕಂಪ್ಯೂಟರ್ ಬಲ್ಲನಂತೆ, ನಮ್ಮದು ಸ್ವಲ್ಪ ನಿಧಾನವಾಗಿದೆ" ಎಂದರು. ಗೋಣಿಕೊಪ್ಪದ ಅಂಗಡಿಯ ದಾರಿ ಹೇಳಿ ಕಳಿಸಿದೆ.